ಆಟದ ಇಟ್ಟಿಗೆಗಳು ಮತ್ತು ನಮ್ಮ ಮಕ್ಕಳ ಕಲಿಕೆ

(ಚಿಕ್ಕಬಳ್ಳಾಪುರದಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಉರ್ದು ಮತ್ತು ಕನ್ನಡ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಆರಿಸಿಕೊಂಡ ವಿಷಯವನ್ನು ಕೇಳಿ ನಮ್ಮ ಸಂಸ್ಥೆಯ ಹಿರಿಯರೊಬ್ಬರು ನಕ್ಕರು. "ವಿದ್ಯಾರ್ಥಿವೇತನದ ಬಗ್ಗೆ ಮಾತಾಡಿ, ಹಾಸ್ಟೆಲ್ ಬಗ್ಗೆ ಮಾತಾಡಿ. ಆಟಿಕೆಯ ಬಗ್ಗೆ ಏನಮ್ಮಾ ಭಾಷಣ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಒಂದು ಆಟಿಕೆಯ ಪೆಟ್ಟಿಗೆಯ ವಿಷಯದಲ್ಲಿ ನಾನು ಮಾಡಿದ ತಪ್ಪೊಂದಿದೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ಹಾಗಾಗಿ ಇಪ್ಪತ್ತು ನಿಮಿಷ ನನ್ನ ಮಾತನ್ನು ಕೇಳಿರಿ. ಆಮೇಲೆ ನಗುವುದಾದರೆ ನಗಬಹುದು.

ಕೆಲವರಿಗೆ ಅಂಚೆಚೀಟಿ ಕೂಡಿಡುವ ಹವ್ಯಾಸ, ಕೆಲವರಿಗೆ ಹಳೆಯ ನಾಣ್ಯ. ನನಗೆ ಮಕ್ಕಳು ಒಂದರ ಮೇಲೊಂದು ಜೋಡಿಸಿ ಮನೆ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳು. ಅಂಗಡಿಯಲ್ಲಿ ಇವನ್ನು ಬಿಲ್ಡಿಂಗ್ ಬ್ಲಾಕ್ಸ್ ಎನ್ನುತ್ತಾರೆ. ಚಿಂತಾಮಣಿಯಲ್ಲಿ ನಾನು ಮೂರನೆಯ ತರಗತಿಯಲ್ಲಿದ್ದಾಗ ಮುರುಗಮಲ್ಲದ ಉರುಸಿಗೆ ಹೋಗಿದ್ದೆವು. ಅಲ್ಲಿನ ಆಟಿಕೆ ಅಂಗಡಿಯಲ್ಲಿ ಅಬ್ಬಾ ಒಂದು ಪಾಲಿಥಿನ್ ಚೀಲದಷ್ಟು ಬ್ಲಾಕ್ಸ್ ಕೊಡಿಸಿದರು. ಒಟ್ಟು 36 ಇದ್ದವು. ಸರಿಯಾಗಿ ಕೂರುತ್ತಿರಲಿಲ್ಲ, ನಾಲ್ಕು ಜೋಡಿಸಿದರೆ ಐದನೆಯದಕ್ಕೆ ಗೋಡೆ ಬೀಳುತ್ತಿತ್ತು. ಆದರೂ ಅದೇ 36 ಇಟ್ಟಿಗೆಗಳಿಂದ ನಾನು ಮನೆ, ಬಾವಿ, ಬಸ್ ಸ್ಟ್ಯಾಂಡು, ಏನೇನೋ ಕಟ್ಟಿದೆ. ಮುಂದೆ ಬಿ.ಇಡಿ. ಮುಗಿಸಿ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ ಸೀರೆಗಿಂತ ಮುಂಚೆ ನಾನು ಕೊಂಡದ್ದು ಒಂದು ಒಳ್ಳೆಯ ಬ್ಲಾಕ್ಸ್ ಸೆಟ್ಟು. ನಮ್ಮ ಅತ್ತೆಯವರು ಇಂದಿಗೂ ಇದನ್ನು ನೆಂಟರ ಮುಂದೆ ಹೇಳಿ ನಗುತ್ತಾರೆ.

ಇಟ್ಟಿಗೆಯ ಕಥೆ

ಈ ಆಟಿಕೆಯ ಹಿಂದೆ ಶಿಕ್ಷಕರೇ ಇದ್ದಾರೆ ಎಂಬುದು ನಮಗೆ ಹೆಮ್ಮೆಯ ವಿಷಯ. ಜರ್ಮನಿಯ ಫ್ರೊಬೆಲ್ ಎಂಬ ಶಿಕ್ಷಣ ತಜ್ಞ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆ ತೆರೆದನು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟನು. ಮಕ್ಕಳ ಕೈಗೆ ಕೊಡಲು ಅವನು ಮರದ ಸಾಮಗ್ರಿಗಳನ್ನು ಮಾಡಿಸಿ ಅವನ್ನು 'ಉಡುಗೊರೆ'ಗಳು ಎಂದು ಕರೆದನು. ಅವುಗಳಲ್ಲಿ ಮೂರನೆಯ ಉಡುಗೊರೆ ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ. ಮಗು ಅದನ್ನು ಒಡೆಯಬಹುದು, ಮತ್ತೆ ಕೂಡಿಸಬಹುದು. ಇಡೀ ಮತ್ತು ಭಾಗ ಎಂಬ ಪಾಠ ಅಲ್ಲೇ ಇದೆ. ನಂತರ 1901ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ತೂತುಗಳಿರುವ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಬಿಗಿದು ಕ್ರೇನು, ಸೇತುವೆ ಮಾಡುವ ಆಟಿಕೆಗೆ ಪೇಟೆಂಟ್ ಪಡೆದನು. ಅದೇ ಮೆಕ್ಯಾನೊ.

ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಹೆಸರು ಲೆಗೊ. ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಎಂಬ ಬಡಗಿ ಇದ್ದನು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಬಾಗಿಲು ಕಿಟಕಿಗಳ ಕೆಲಸ ಸಿಗದೆ 1932ರಲ್ಲಿ ಮರದ ಆಟಿಕೆ ಮಾಡತೊಡಗಿದನು. 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಡ್ಯಾನಿಶ್ ಪದಗಳನ್ನು ಕೂಡಿಸಿ ಲೆಗೊ ಎಂದು ಹೆಸರಿಟ್ಟನು. 1949ರಲ್ಲಿ ಆ ಕಂಪನಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಂದಿತು. ಅದಕ್ಕೂ ಮೊದಲೇ ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬವನು ಅಂತಹ ಇಟ್ಟಿಗೆ ಮಾಡಿದ್ದನು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆ ಹಳೆಯ ಇಟ್ಟಿಗೆಗಳು ನನ್ನ ಉರುಸಿನ ಬ್ಲಾಕ್ಸಿನಂತೆಯೇ ಸಡಿಲವಾಗಿದ್ದವು, ಏಕೆಂದರೆ ಒಳಗಡೆ ಪೊಳ್ಳು. 1958ರ ಜನವರಿ 28ರಂದು ಲೆಗೊ ಕಂಪನಿ ಹೊಸ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿತು. ಅದರಲ್ಲಿ ಇಟ್ಟಿಗೆಯ ಒಳಗೆ ಸಣ್ಣ ಕೊಳವೆಗಳಿದ್ದವು. ಕೆಳಗಿನ ಇಟ್ಟಿಗೆಯ ಗುಂಡಿಗಳು ಮೇಲಿನ ಇಟ್ಟಿಗೆಯ ಕೊಳವೆ ಮತ್ತು ಗೋಡೆಯ ನಡುವೆ ಬಿಗಿಯಾಗಿ ಕೂರುತ್ತವೆ. ಮಗು ಎಳೆದರೆ ಬಿಡುತ್ತದೆ, ತಾನಾಗಿ ಬೀಳುವುದಿಲ್ಲ. ಅಚ್ಚು ಎಷ್ಟು ಕರಾರುವಾಕ್ಕು ಎಂದರೆ 1958ರ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೂ ಕೂರುತ್ತದೆ. ಅಜ್ಜನ ಆಟಿಕೆಗೆ ಮೊಮ್ಮಗನ ಆಟಿಕೆ ಜೋಡಿಯಾಗುತ್ತದೆ.

ದೂರದ ದೇಶದ ಕಥೆ ಎಂದುಕೊಳ್ಳಬೇಡಿ. ನಮ್ಮ ರಾಜ್ಯದ ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಗೊಂಬೆ ಮಾಡುವ ಕಸುಬು ತಲೆತಲಾಂತರದಿಂದ ಇದೆ. ಟಿಪ್ಪು ಸುಲ್ತಾನರು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದರು ಎಂಬ ಮಾತು ಅಲ್ಲಿ ಪ್ರಚಲಿತವಾಗಿದೆ. ಬಾವಾಸ್ ಮಿಯಾನ್ ಅವರನ್ನು ಈ ಗೊಂಬೆಗಳ ಪಿತಾಮಹರೆಂದು ನೆನೆಯುತ್ತಾರೆ. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ನನ್ನ ಸಂಗ್ರಹದಲ್ಲಿ ಅಲ್ಲಿನ ಮರದ ಘನಗಳ ಒಂದು ಚೀಲವಿದೆ. ಒಂದನೆಯ ತರಗತಿಯ ಮಕ್ಕಳಿಗೆ ನಾನು ಮೊದಲು ಕೊಡುವುದು ಅದನ್ನೇ.

ತರಗತಿಯಲ್ಲಿ ಇಟ್ಟಿಗೆ

ಈಗ ನೀವು ಕೇಳಬಹುದು, ಇದರಿಂದ ಪಾಠ ಹೇಗೆ? ಮೊದಲು ಲೆಕ್ಕ. ಎಂಟು ಗುಂಡಿಯ ಒಂದು ಇಟ್ಟಿಗೆಯನ್ನು 'ಒಂದು' ಎಂದು ತಿಳಿಯಿರಿ. ನಾಲ್ಕು ಗುಂಡಿಯದು ಅರ್ಧ, ಎರಡು ಗುಂಡಿಯದು ಕಾಲು, ಒಂದು ಗುಂಡಿಯದು ಎಂಟನೆಯ ಒಂದು. ಕಾಲು ಮತ್ತು ಎಂಟನೆಯ ಒಂದು ಕೂಡಿದರೆ ಎಷ್ಟು ಎಂದು ಕಪ್ಪು ಹಲಗೆಯ ಮೇಲೆ ಕೇಳಿದರೆ ಐದನೆಯ ತರಗತಿಯ ಅರ್ಧ ಮಕ್ಕಳು ಹನ್ನೆರಡನೆಯ ಎರಡು ಎನ್ನುತ್ತಾರೆ, ಛೇದಕ್ಕೆ ಛೇದ ಕೂಡಿಸಿ. ಎಂಟು ಗುಂಡಿಯ ಇಟ್ಟಿಗೆಯ ಮೇಲೆ ಆ ಎರಡು ತುಂಡುಗಳನ್ನು ಕೂರಿಸಿದ ಮಗು ಗುಂಡಿ ಎಣಿಸಿ ಎಂಟನೆಯ ಮೂರು ಎನ್ನುತ್ತದೆ. ಒಮ್ಮೆ ಕೈಯಿಂದ ಕಲಿತದ್ದನ್ನು ಮಗು ಮರೆಯುವುದಿಲ್ಲ.

ದೊಡ್ಡ ಮಕ್ಕಳಿಗೆ ಇನ್ನೊಂದು ಲೆಕ್ಕವಿದೆ. ಒಂದೇ ಬಣ್ಣದ, ಎಂಟು ಗುಂಡಿಯ ಎರಡು ಇಟ್ಟಿಗೆಗಳನ್ನು ಎಷ್ಟು ರೀತಿಯಲ್ಲಿ ಜೋಡಿಸಬಹುದು? 24 ರೀತಿ. ಮೂರನ್ನು? 1,060 ರೀತಿ. ಆರನ್ನು? ಹತ್ತು ಕೋಟಿ ಚಿಲ್ಲರೆ, ಅಂದರೆ 10,29,81,500 ಎಂದು ಕಂಪನಿ ಬಹಳ ವರ್ಷ ಹೇಳುತ್ತಿತ್ತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೊರೆನ್ ಐಲರ್ಸ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದಾಗ ಉತ್ತರ 91,51,03,765 ಎಂದು ಬಂತು. ಹಳೆಯ ಲೆಕ್ಕದಲ್ಲಿ ಆರೂ ಇಟ್ಟಿಗೆ ಒಂದರ ಮೇಲೊಂದು ಬಂದು ಆರು ಅಂತಸ್ತಾಗುವ ಜೋಡಣೆಗಳನ್ನು ಮಾತ್ರ ಎಣಿಸಿದ್ದರು. ಒಂದೇ ಅಂತಸ್ತಿನಲ್ಲಿ ಎರಡು ಮೂರು ಇಟ್ಟಿಗೆ ಬರುವ ಜೋಡಣೆಗಳು ಬಿಟ್ಟುಹೋಗಿದ್ದವು. ಇದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಅಚ್ಚಾದ ಸಂಖ್ಯೆ ಎಂದು ಒಪ್ಪಿಕೊಂಡು ಸುಮ್ಮನಿರಬೇಡಿ, ಎಣಿಸಿ ನೋಡಿ ಎಂದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಜೀವನವಿಡೀ ನಮಗೆ ಹೇಳಿದ್ದೂ ಪ್ರಶ್ನಿಸುವುದನ್ನೇ ಅಲ್ಲವೇ?

ನಾನು ಭಾಷೆಯ ಶಿಕ್ಷಕಿ. ಆದ್ದರಿಂದ ಭಾಷೆಗೆ ಇದನ್ನು ಹೇಗೆ ಬಳಸಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉರ್ದು ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು ರೂಪ, ಕೊನೆಯಲ್ಲಿ ಒಂದು ರೂಪ, ಒಂಟಿಯಾಗಿದ್ದರೆ ಇನ್ನೊಂದು ರೂಪ ತಳೆಯುತ್ತದೆ. ಹೊಸದಾಗಿ ಕಲಿಯುವ ಮಗುವಿಗೆ ಇದೇ ದೊಡ್ಡ ತೊಡಕು. ನಾಲ್ಕು ಗುಂಡಿಯ ಚೌಕ ಇಟ್ಟಿಗೆಗೆ ನಾಲ್ಕು ಮುಖಗಳಿವೆ. ಒಂದೊಂದು ಮುಖಕ್ಕೆ ಒಂದೊಂದು ರೂಪ ಬರೆದ ಚೀಟಿ ಅಂಟಿಸಿದೆ. 'ಬೇ' ಅಕ್ಷರದ ಇಟ್ಟಿಗೆಯನ್ನು ತಿರುಗಿಸುತ್ತಾ ಹೋದರೆ ಅದು ಒಂದೇ ಅಕ್ಷರದ ನಾಲ್ಕು ವೇಷ ಎಂದು ಮಗುವಿಗೆ ತಿಳಿಯುತ್ತದೆ. ಅಲಿಫ್, ದಾಲ್, ರೇ, ವಾವ್ ಮುಂತಾದವು ಮುಂದಿನ ಅಕ್ಷರಕ್ಕೆ ಕೈ ಕೊಡುವುದಿಲ್ಲ. ಅವುಗಳ ಇಟ್ಟಿಗೆಯಲ್ಲಿ ಎರಡು ಮುಖ ಮಾತ್ರ ಬರೆದು ಎರಡನ್ನು ಖಾಲಿ ಬಿಟ್ಟೆ. 'ಬಾಬ್' ಎಂಬ ಪದ ಜೋಡಿಸುವಾಗ ಅಲಿಫ್ ಆದ ಮೇಲೆ ಒಂದು ಗುಂಡಿಯಷ್ಟು ಜಾಗ ಬಿಡಬೇಕು ಎಂಬುದನ್ನು ಮಕ್ಕಳೇ ಕಂಡುಹಿಡಿದರು.

ಕನ್ನಡಕ್ಕೆ ಬೇರೆ ಉಪಾಯ. ಮೂಲ ಅಕ್ಷರ ಮಧ್ಯದ ಇಟ್ಟಿಗೆ, ಗುಣಿತದ ಚಿಹ್ನೆ ಮೇಲಿನ ಇಟ್ಟಿಗೆ, ಒತ್ತಕ್ಷರ ಕೆಳಗಿನ ಇಟ್ಟಿಗೆ. 'ಬೆಕ್ಕು' ಬರೆಯಬೇಕಾದರೆ 'ಕ' ಇಟ್ಟಿಗೆಯ ಕೆಳಗೆ ಒಂದು ಒತ್ತು ಕೂರಿಸಬೇಕು. ಒತ್ತನ್ನು ಮರೆತರೆ ಬೆಕ್ಕು ಕುಂಟುತ್ತದೆ ಎಂದು ಮಕ್ಕಳು ಹಾಸ್ಯ ಮಾಡುತ್ತಾರೆ. ಉರ್ದು ಗೋಡೆಯನ್ನು ಬಲದಿಂದ ಕಟ್ಟುತ್ತಾರೆ, ಕನ್ನಡ ಗೋಡೆಯನ್ನು ಎಡದಿಂದ ಕಟ್ಟುತ್ತಾರೆ, ಎರಡೂ ಒಂದೇ ಹಲಗೆಯ ಮೇಲೆ ನಿಲ್ಲುತ್ತವೆ.

ಇನ್ನೊಂದು ಆಟವನ್ನು ನೀವು ಮನೆಯಲ್ಲೇ ಆಡಿಸಬಹುದು. ಇಬ್ಬರು ಮಕ್ಕಳ ನಡುವೆ ಒಂದು ರಟ್ಟನ್ನು ಮರೆಯಾಗಿ ನಿಲ್ಲಿಸಿ, ಇಬ್ಬರಿಗೂ ಒಂದೇ ತರಹದ ಹತ್ತು ಇಟ್ಟಿಗೆ ಕೊಡಿ. ಒಬ್ಬಳು ಏನನ್ನಾದರೂ ಕಟ್ಟಿ ಬಾಯಿಮಾತಿನಲ್ಲಿ ವಿವರಿಸಬೇಕು. ಇನ್ನೊಬ್ಬಳು ನೋಡದೆ ಅದನ್ನೇ ಕಟ್ಟಬೇಕು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಅಂಚಿನಿಂದ ಎರಡು ಗುಂಡಿ ಬಿಟ್ಟು ಎಂಬ ಮಾತುಗಳು ಬಂದೇ ಬರಬೇಕು. ಮನೆಯಲ್ಲಿ ದಖನಿ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಮೂರು ಕಡೆ ಹಂಚಿಹೋದ ನಮ್ಮ ಮಕ್ಕಳು ಕನ್ನಡ ಪಾಠದಲ್ಲಿ ಬಾಯಿ ಬಿಡುವುದೇ ಕಷ್ಟ. ಈ ಆಟದಲ್ಲಿ ಬಾಯಿ ಬಿಡದೆ ಬೇರೆ ದಾರಿಯೇ ಇಲ್ಲ. ರಟ್ಟು ತೆಗೆದಾಗ ಎರಡು ಕಟ್ಟಡಗಳೂ ಒಂದೇ ಆಗಿದ್ದರೆ ಆ ಮಕ್ಕಳ ಮುಖವನ್ನು ನೀವು ನೋಡಬೇಕು.

ಕಣ್ಣು ಕಾಣದ ಮಕ್ಕಳಿಗೂ ಈ ಇಟ್ಟಿಗೆ ಒದಗಿದೆ. ಬ್ರೈಲ್ ಲಿಪಿಯಲ್ಲಿ ಆರು ಚುಕ್ಕೆಗಳು. ಆ ಚುಕ್ಕೆಗಳಂತೆಯೇ ಗುಂಡಿಗಳಿರುವ ಇಟ್ಟಿಗೆಗಳನ್ನು ಲೆಗೊ 2020ರಿಂದ ಶಾಲೆ, ಸಂಸ್ಥೆಗಳಿಗೆ ಉಚಿತವಾಗಿ ಕೊಡತೊಡಗಿತು. 2023ರಲ್ಲಿ ಮಾರಾಟಕ್ಕೂ ಬಿಟ್ಟಿತು. ಒಂದೊಂದು ಇಟ್ಟಿಗೆಯ ಮೇಲೆ ಅಚ್ಚಿನ ಅಕ್ಷರವೂ ಇರುವುದರಿಂದ ಕಣ್ಣಿರುವ ಮಗುವೂ ಕಣ್ಣಿಲ್ಲದ ಮಗುವೂ ಜೊತೆಗೆ ಕುಳಿತು ಆಡಬಹುದು.

ಸೀಮಿತ ಆವೃತ್ತಿಯ ಮೋಹ

ಇನ್ನು ಸಂಗ್ರಹದ ವಿಷಯ. ಒಂದು ಮಾದರಿಯ ಪೆಟ್ಟಿಗೆಯನ್ನು ಕಂಪನಿ ಸಾಮಾನ್ಯವಾಗಿ ಕೆಲವು ವರ್ಷ ಮಾತ್ರ ಮಾಡುತ್ತದೆ, ಆಮೇಲೆ ನಿಲ್ಲಿಸುತ್ತದೆ. ಕೆಲವನ್ನು ಆರಂಭದಲ್ಲೇ ಕಡಿಮೆ ಸಂಖ್ಯೆಯಲ್ಲಿ ಮಾಡುತ್ತಾರೆ. ನಿಂತುಹೋದ ಪೆಟ್ಟಿಗೆ, ಅದರಲ್ಲೂ ಸೀಲ್ ಒಡೆಯದ ಪೆಟ್ಟಿಗೆ, ಬೇಕೆನ್ನುವವರು ಹೆಚ್ಚಾದಂತೆ ದುಬಾರಿಯಾಗುತ್ತದೆ. ರಷ್ಯಾದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ 2,322 ಲೆಗೊ ಸೆಟ್ಟುಗಳ ಬೆಲೆಯನ್ನು ನೋಡಿ, ಅವು ಸರಾಸರಿ ವರ್ಷಕ್ಕೆ ಸುಮಾರು ಶೇಕಡಾ 11ರಷ್ಟು ಏರಿವೆ ಎಂದು ಬರೆದರು. ಇದನ್ನು ಓದಿ ಎಷ್ಟೋ ಜನ ಆಟಿಕೆಯನ್ನು ಚಿನ್ನದಂತೆ ಬೀರುವಿನಲ್ಲಿಟ್ಟರು. ಆದರೆ ಸರಾಸರಿ ಎಂಬುದು ಎಲ್ಲರಿಗೂ ಸಿಗುವ ಬೆಲೆಯಲ್ಲ. ಅದೇ ಅಧ್ಯಯನದಲ್ಲಿ ಅರ್ಧ ಬೆಲೆ ಕಳೆದುಕೊಂಡ ಸೆಟ್ಟುಗಳೂ ಇದ್ದವು.

ಒಂದು ಉದಾಹರಣೆ ಕೊಡುತ್ತೇನೆ. 2008ರಲ್ಲಿ ಲೆಗೊ ನಮ್ಮ ತಾಜ್ ಮಹಲಿನ ಮಾದರಿಯನ್ನು ತಂದಿತು. ಅದರಲ್ಲಿ 5,922 ತುಂಡುಗಳು. ಅಮೆರಿಕದಲ್ಲಿ ಬೆಲೆ ಸುಮಾರು 300 ಡಾಲರ್. ತಯಾರಿಕೆ ನಿಂತ ಮೇಲೆ ಅದರ ಬೆಲೆ ಹಲವು ಪಟ್ಟು ಏರಿತು. ಬೇಗ ಕೊಂಡು ಇಟ್ಟವರು ಜಾಣರೆನಿಸಿಕೊಂಡರು. 2017ರಲ್ಲಿ ಕಂಪನಿ ಅದೇ ತಾಜ್ ಮಹಲನ್ನು ಒಂದು ತುಂಡು ಹೆಚ್ಚಿಗೆ, 5,923 ತುಂಡುಗಳಿಂದ, 370 ಡಾಲರಿಗೆ ಮತ್ತೆ ಬಿಡುಗಡೆ ಮಾಡಿತು. ಹಳೆಯ ಪೆಟ್ಟಿಗೆಯ ಬೆಲೆ ಕುಸಿಯಿತು. ಸೀಮಿತ ಎಂದು ನಂಬಿದ್ದು ಸೀಮಿತವಾಗಿ ಉಳಿಯಲಿಲ್ಲ.

ಆ ಎರಡನೆಯ ತಾಜ್ ಮಹಲ್ ನನ್ನ ಬಳಿ ಬಂದದ್ದು 2018ರಲ್ಲಿ. ದುಬೈನಲ್ಲಿ ಕೆಲಸದಲ್ಲಿರುವ ಮಾಮೂರ ಮಗ ರಜೆಗೆ ಬರುವಾಗ ತಂದುಕೊಟ್ಟನು. ಅಂದಿನ ಲೆಕ್ಕದಲ್ಲಿ ಸುಮಾರು 25,000 ರೂಪಾಯಿ, ನಾನು ಎರಡು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣ. ನಾನು ಅದನ್ನು ಒಡೆಯಲಿಲ್ಲ. ಹತ್ತು ವರ್ಷ ಇಟ್ಟರೆ ಮಗಳ ಕಾಲೇಜು ಫೀಜಿಗೆ ಆಗುತ್ತದೆ ಎಂದು ಯಜಮಾನರಿಗೆ ಹೇಳಿ, ಹಳೆಯ ಚಾದರದಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ.

ಮುಟ್ಟಬೇಡ ಎಂದ ಟೀಚರ್

2019ರ ಡಿಸೆಂಬರಿನಲ್ಲಿ ಶಿಡ್ಲಘಟ್ಟದ ನಮ್ಮ ಶಾಲೆಯಲ್ಲಿ ವಸ್ತುಪ್ರದರ್ಶನ. ನನ್ನ ಸಂಗ್ರಹವನ್ನೆಲ್ಲ ಮೇಜಿನ ಮೇಲೆ ಜೋಡಿಸಿ, ನಡುವೆ ಆ ದೊಡ್ಡ ಪೆಟ್ಟಿಗೆಯನ್ನು ಇಟ್ಟೆ. ಏಳನೆಯ ತರಗತಿಯ ಒಬ್ಬ ಹುಡುಗನಿದ್ದನು. ಅವನ ತಂದೆ ರೇಷ್ಮೆ ನೂಲು ಬಿಚ್ಚುವವರು. ಮನೆಯಲ್ಲಿ ಎಲ್ಲರೂ ಗೂಡು ಆರಿಸುತ್ತಿದ್ದರು. ಕಲೆಯಾದ ಗೂಡು ಬೇರೆ, ಎರಡು ಹುಳು ಸೇರಿ ಕಟ್ಟಿದ ಗೂಡು ಬೇರೆ, ಒಳ್ಳೆಯದು ಬೇರೆ. ಅದೇ ಕೈಯಿಂದ ಅವನು ನನ್ನ ಸಾವಿರಾರು ಇಟ್ಟಿಗೆಗಳನ್ನು ಒಂದೇ ಮಧ್ಯಾಹ್ನದಲ್ಲಿ ಬೇರೆ ಬೇರೆ ಮಾಡಿಕೊಟ್ಟಿದ್ದನು. "ಬಣ್ಣದ ಮೇಲೆ ಬೇಡ ಟೀಚರ್, ಆಕಾರದ ಮೇಲೆ ಇಡೋಣ, ಬಣ್ಣ ಹುಡುಕೋದು ಸುಲಭ, ಆಕಾರ ಹುಡುಕೋದು ಕಷ್ಟ" ಎಂದು ನನಗೇ ಪಾಠ ಹೇಳಿದ್ದನು. ಇಂದಿಗೂ ನಾನು ಹಾಗೆಯೇ ಇಡುತ್ತೇನೆ.

ಪ್ರದರ್ಶನದ ದಿನ ಅವನು ಆ ಪೆಟ್ಟಿಗೆಯನ್ನು ಬಿಟ್ಟು ಕದಲಲಿಲ್ಲ. "ಟೀಚರ್, ಒಳಗಿರೋದು ತೋರಿಸ್ತೀರಾ? ನಾವೆಲ್ಲ ಸೇರಿ ಕಟ್ಟೋಣ" ಎಂದನು. ಅವನ ಬೆರಳು ಸೀಲಿನ ಮೇಲಿತ್ತು. ನಾನು ಜೋರಾಗಿಯೇ ಹೇಳಿದೆ: "ಮುಟ್ಟಬೇಡ, ಸೀಲ್ ಹೋದರೆ ಬೆಲೆ ಹೋಗುತ್ತೆ." ಅವನು ಕೈ ತೆಗೆದು ಹಿಂದೆ ಕಟ್ಟಿಕೊಂಡನು.

ಮೂರು ತಿಂಗಳಿಗೆ ಕೊರೊನಾ ಬಂತು. ಶಾಲೆ ಮುಚ್ಚಿತು. ರೇಷ್ಮೆ ವ್ಯಾಪಾರ ನಿಂತು ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. 2021ರಲ್ಲಿ ತರಗತಿ ಮತ್ತೆ ಶುರುವಾದಾಗ ಅವನು ಬರಲಿಲ್ಲ. ಎರಡು ಸಲ ಮನೆಗೆ ಹೋದೆ. ಅವನ ತಾಯಿ ಚಹಾ ಕೊಟ್ಟು, ತಲೆ ತಗ್ಗಿಸಿ, "ಕೆಲಸಕ್ಕೆ ಹೋಗ್ತಾನೆ ಟೀಚರಮ್ಮ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

2023ರಲ್ಲಿ ನನ್ನ ಸ್ಕೂಟಿ ಕೆಟ್ಟು ಒಂದು ಗ್ಯಾರೇಜಿಗೆ ಹೋದೆ. ನೆಲದ ಮೇಲೆ ಹಳೆಯ ಪೇಪರು ಹಾಸಿ, ಬಿಚ್ಚಿದ ಎಂಜಿನಿನ ಭಾಗಗಳನ್ನು ಸಾಲಾಗಿ, ಆಕಾರದ ಪ್ರಕಾರ ಇಟ್ಟಿದ್ದರು. ಯಾರ ಕೈ ಎಂದು ನೋಡುವ ಮೊದಲೇ ನನಗೆ ಗೊತ್ತಾಯಿತು. ಗಡ್ಡ ಚಿಗುರುತ್ತಿದ್ದ ಆ ಹುಡುಗ ಎದ್ದು ಸಲಾಂ ಮಾಡಿ, ಕೈ ಒರೆಸಿಕೊಂಡು ಕೇಳಿದ ಮೊದಲ ಮಾತು: "ಟೀಚರ್, ಆ ಡಬ್ಬಾ ಓಪನ್ ಮಾಡಿದ್ರಾ?"

ಇಲ್ಲ ಎಂದೆ. ಅವನು ನಕ್ಕು, "ರೇಟ್ ಈಗ ಎಷ್ಟಾಗಿದೆ?" ಎಂದನು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದನು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಓದುಗರೇ, ಪೆಟ್ಟಿಗೆ ತೆರೆದಿದ್ದರೆ ಅವನು ಶಾಲೆ ಬಿಡುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವನು ಶಾಲೆ ಬಿಟ್ಟದ್ದು ಮನೆಯ ಕಷ್ಟದಿಂದ. ಆದರೆ ಆ ಹುಡುಗನ ಮನಸ್ಸಿನಲ್ಲಿ ನಮ್ಮ ಶಾಲೆಯ ಕೊನೆಯ ದೊಡ್ಡ ನೆನಪು 'ಮುಟ್ಟಬೇಡ' ಎಂಬ ಮಾತಾಗಿತ್ತು. ಆ ಮಾತು ನನ್ನ ಬಾಯಿಂದ ಬಂದದ್ದು.

ಮುಂದಿನ ಶನಿವಾರ ಪೆಟ್ಟಿಗೆಯನ್ನು ಶಾಲೆಗೆ ಒಯ್ದೆ. ಗ್ಯಾರೇಜಿನ ಯಜಮಾನರನ್ನು ಕೇಳಿಕೊಂಡು ಅವನನ್ನೂ ಕರೆಸಿದೆ. ಸೀಲನ್ನು ಅವನಿಂದಲೇ ಒಡೆಸಿದೆ. ಹನ್ನೊಂದು ಶನಿವಾರ ಮಧ್ಯಾಹ್ನ, ಆರನೆಯ ಏಳನೆಯ ತರಗತಿಯ ಮಕ್ಕಳು ಅವನ ಸುತ್ತ ಕುಳಿತು ಕಟ್ಟಿದರು. ಅದರ ಕೈಪಿಡಿಯಲ್ಲಿ ಚಿತ್ರಗಳೇ ಹೊರತು ಓದಬೇಕಾದ ಸಾಲುಗಳಿಲ್ಲ. ಆದ್ದರಿಂದ ಓದಲು ಹಿಂದುಳಿದ ಮಗು ಅಲ್ಲಿ ಹಿಂದುಳಿಯಲಿಲ್ಲ. ಒಂದೊಂದು ದಿನದ ಕೆಲಸವನ್ನು ಮಕ್ಕಳಿಂದ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿದೆ. ಗುಮ್ಮಟ ಕೂರಿಸಿದ ದಿನ ಗೂಡು ಆರಿಸುವ ತಾಯಂದಿರು ಕೆಲಸ ಬಿಟ್ಟು ನೋಡಲು ಬಂದರು. ಆ ಹುಡುಗನ ತಂದೆಯೂ ಬಂದು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಹೋಗುವಾಗ, "ಅವನು ಈಗ ಮತ್ತೆ ಓದಬಹುದಾ ಟೀಚರ್?" ಎಂದು ಕೇಳಿದರು. ಓದಬಹುದು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕೂರಬಹುದು ಎಂದೆ. ಅವನು ಹಗಲು ಗ್ಯಾರೇಜು, ರಾತ್ರಿ ಓದು ಎಂದು ಶುರುಮಾಡಿದನು. ಕೆಲವು ವಿಷಯ ದಾಟಿದ್ದಾನೆ, ಗಣಿತವೂ ದಾಟಿದೆ. ಇಂಗ್ಲಿಷ್ ಇನ್ನೂ ಬಾಕಿ ಇದೆ. ಮತ್ತೆ ಅರ್ಜಿ ಹಾಕಿದ್ದಾನೆ. ಮುಂದೇನಾಗುವುದೋ ಕಾದು ನೋಡಬೇಕು.

ಆ ಪೆಟ್ಟಿಗೆಗೆ ಈಗ ಸಂಗ್ರಹಕಾರರ ಬಳಿ ಮೊದಲಿನ ಬೆಲೆ ಇಲ್ಲ. ಒಡೆದ ದಿನ ಯಜಮಾನರು, "ಮಗಳ ಫೀಜು?" ಎಂದು ಒಂದೇ ಮಾತು ಕೇಳಿದರು. ಮತ್ತೆ ಚೀಟಿ ಕಟ್ಟುತ್ತಿದ್ದೇನೆ.

ನೀವು ಏನು ಮಾಡಬಹುದು

ನಿಮ್ಮಲ್ಲಿ ಹಲವರು, "ನಮ್ಮ ಬಳಿ 25,000 ಎಲ್ಲಿದೆ?" ಎನ್ನುವಿರಿ. ಬೇಕಾಗಿಯೇ ಇಲ್ಲ. ಅರವಿಂದ ಗುಪ್ತಾ ಅವರ ಹೆಸರು ಕೇಳಿರಬಹುದು. ಕಾನ್ಪುರದ ಐಐಟಿಯಲ್ಲಿ ಓದಿದ ಅವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಕೆಲಸ ಮಾಡುವಾಗ ಸೈಕಲ್ಲಿನ ವಾಲ್ ಟ್ಯೂಬ್ ಮತ್ತು ಬೆಂಕಿಕಡ್ಡಿಗಳಿಂದಲೇ ಮೆಕ್ಯಾನೊ ಮಾಡಿದರು. ಟ್ಯೂಬಿನ ಸಣ್ಣ ತುಂಡಿನ ಎರಡು ಬಾಯಿಗೆ ಎರಡು ಕಡ್ಡಿ ಸಿಕ್ಕಿಸಿದರೆ ಒಂದು ಕೀಲು. ಅಂತಹ ಮೂರು ಕೀಲುಗಳಿಂದ ತ್ರಿಭುಜ, ನಾಲ್ಕರಿಂದ ಚೌಕ. ಚೌಕವನ್ನು ಒತ್ತಿದರೆ ವಾಲುತ್ತದೆ, ತ್ರಿಭುಜ ಅಲುಗುವುದಿಲ್ಲ. ಸೇತುವೆಗಳಲ್ಲೂ ವಿದ್ಯುತ್ ಗೋಪುರಗಳಲ್ಲೂ ತ್ರಿಭುಜಗಳೇ ಏಕೆ ಕಾಣುತ್ತವೆ ಎಂಬುದಕ್ಕೆ ಮಗುವಿಗೆ ಅಲ್ಲೇ ಉತ್ತರ ಸಿಗುತ್ತದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಂಕಿಕಡ್ಡಿಯ ಮದ್ದನ್ನು ಮೊದಲೇ ಕೆರೆದು ತೆಗೆಯುವುದನ್ನು ಮಾತ್ರ ಮರೆಯಬೇಡಿ.

ಇಟ್ಟಿಗೆಯನ್ನೇ ಕೊಳ್ಳುವುದಾದರೆ ಕೆಲವು ಮಾತುಗಳನ್ನು ನೆನಪಿಡಿ. ಮೂಲ ಇಟ್ಟಿಗೆಯ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಆದ್ದರಿಂದ ಬೇರೆ ಕಂಪನಿಗಳು ಹೊಂದಿಕೊಳ್ಳುವ ಇಟ್ಟಿಗೆ ಮಾಡುವುದರಲ್ಲಿ ತಪ್ಪಿಲ್ಲ, ಅವು ಅಗ್ಗವಾಗಿಯೂ ಸಿಗುತ್ತವೆ. ಆದರೆ ಇನ್ನೊಬ್ಬರ ಹೆಸರು, ಗುರುತನ್ನೇ ಹಾಕಿ ಮಾರುವುದು ನಕಲಿ, ಅದನ್ನು ಕೊಳ್ಳಬೇಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ, ಅದನ್ನು ನೋಡಿ ಕೊಳ್ಳಿ. ಮೂರು ವರ್ಷದೊಳಗಿನ ಮಗುವಿನ ಕೈಗೆ ಸಣ್ಣ ತುಂಡು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಹಳ ಹಳೆಯ ಬ್ಲಾಕ್ಸ್ ಬಗ್ಗೆ ಎಚ್ಚರವಿರಲಿ. 2018ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 200 ಹಳೆಯ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿದಾಗ ಕೆಲವು ಕೆಂಪು, ಹಳದಿ, ಕಪ್ಪು ತುಂಡುಗಳಲ್ಲಿ ಸೀಸ, ಕ್ಯಾಡ್ಮಿಯಂನಂತಹ ವಿಷಕಾರಿ ಅಂಶಗಳು ಕಂಡುಬಂದವು. ಬಾಯಿಗೆ ಇಡುವ ವಯಸ್ಸಿನ ಮಕ್ಕಳಿಗೆ ಅಂತಹವು ಬೇಡ. ಉಳಿದವನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಬಿಳಿ ಇಟ್ಟಿಗೆ ಹಳದಿಯಾಗುತ್ತದೆ, ಕುದಿಯುವ ನೀರಿಗೆ ಆಕಾರ ಕೆಡುತ್ತದೆ.

ಇನ್ನೊಂದು ಕೋರಿಕೆ. ಕೊಲ್ಲಿ ದೇಶಗಳಿಂದ ಬಂದ ಎಷ್ಟೋ ಆಟಿಕೆ ಪೆಟ್ಟಿಗೆಗಳು ನಮ್ಮ ಮನೆಗಳ ಅಟ್ಟದ ಮೇಲಿವೆ. ಮಗ ದೊಡ್ಡವನಾಗಿದ್ದಾನೆ, ಡಬ್ಬ ಧೂಳು ತಿನ್ನುತ್ತಿದೆ. ಅವನ್ನು ನಿಮ್ಮ ಊರಿನ ಶಾಲೆಗೆ ಕೊಡಿ. ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಶಾಲೆಯಲ್ಲಾದರೂ ಒಂದು ಆಟಿಕೆ ಬೀರು ಆಗಲಿ, ಗ್ರಂಥಾಲಯದ ಪುಸ್ತಕದಂತೆ ಮಕ್ಕಳು ವಾರಕ್ಕೊಂದು ಸೆಟ್ಟು ಮನೆಗೆ ಒಯ್ಯಲಿ. ಒಂದು ನೋಟ್‌ಬುಕ್ಕಿನಲ್ಲಿ ಸೆಟ್ಟಿನ ಹೆಸರು, ತುಂಡುಗಳ ಸಂಖ್ಯೆ, ಒಯ್ದ ತಾರೀಖು, ತಂದ ತಾರೀಖು ಬರೆದರೆ ಸಾಕು. ಲೆಕ್ಕ ಬರೆಯುವ ಜವಾಬ್ದಾರಿಯನ್ನು ಮಕ್ಕಳಿಗೇ ಕೊಡಿ. ನಮ್ಮ ಶಾಲೆಯಲ್ಲಿ ಎರಡು ವರ್ಷಗಳಿಂದ ಇದು ನಡೆಯುತ್ತಿದೆ. ಕಳೆದುಹೋದ ತುಂಡುಗಳು 41. ಬೆಲೆ ಕಟ್ಟಿದರೆ ಇನ್ನೂರು ರೂಪಾಯಿ ಆಗಬಹುದು. ಆ ನಷ್ಟ ನನಗೆ ಒಪ್ಪಿಗೆಯಿದೆ.

ನಮ್ಮ ಗೌರಿಬಿದನೂರಿನಲ್ಲಿ ವಿಜ್ಞಾನಿಗಳು 1976ರಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯಲು ಒಂದು ದೂರದರ್ಶಕ ಕಟ್ಟಿದರು. ಅದು ದೊಡ್ಡ ಗಾಜಿನ ಯಂತ್ರವಲ್ಲ. ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರಕ್ಕೆ ಸಾಲಾಗಿ ನಿಲ್ಲಿಸಿದ 1000 ಸರಳ ಆಂಟೆನಾಗಳು. ಒಂದೊಂದೂ ಸಣ್ಣದು, ಒಂದೇ ತರಹದ್ದು, ಕೂಡಿಸಿದಾಗ ಸೂರ್ಯನನ್ನೂ ನಕ್ಷತ್ರಮಂಡಲವನ್ನೂ ಆಲಿಸಿತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಜಿಲ್ಲೆ ನಮ್ಮದು. ಇಲ್ಲಿನ ಮಕ್ಕಳ ಕೈಗೆ ಜೋಡಿಸುವ ಕೆಲಸವನ್ನು ಕೊಟ್ಟರೆ ಅವರು ಏನು ಕಟ್ಟುವರೋ ನಾವು ಊಹಿಸಲಾರೆವು.

ತಾಜ್ ಮಹಲ್ ಈಗ ನಮ್ಮ ಶಾಲೆಯ ಗಾಜಿನ ಬೀರುವಿನಲ್ಲಿದೆ. ಬೀರುವಿಗೆ ಬೀಗವಿಲ್ಲ. ಒಂದು ಮಿನಾರಿನ ತುದಿ ಯಾರದೋ ಮೊಣಕೈ ತಾಗಿ ಎರಡು ಸಲ ಬಿದ್ದಿದೆ, ಎರಡು ಸಲವೂ ಮಕ್ಕಳೇ ಕಟ್ಟಿದ್ದಾರೆ. ಶಿಡ್ಲಘಟ್ಟಕ್ಕೆ ಬಂದಾಗ ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಮುಟ್ಟಿ ನೋಡಲಿ.